ಗಂಟಿಲ್ಲದ ಕಟ್ಟು

ನಮ್ಮದು ಅಳಿಯಸಂತಾನದ ಮನೆ. ಸೋದರಮಾವನಿಂದ ಅಳಿಯನಿಗೆ ಬರಬೇಕಾದದ್ದು ಗದ್ದೆ, ತೋಟ ಮತ್ತು ಮನೆಯ ಯಜಮಾನಿಕೆ. ನನ್ನ ಕಾಲಕ್ಕೆ ಅವು ಯಾವುವೂ ಉಳಿಯಲಿಲ್ಲ. ಗೇಣಿಗೆ ಕೊಟ್ಟ ಗದ್ದೆಗಳು 1970ರ ನಂತರ ಉಳುವವರ ಪಾಲಾದವು. ಅದು ನ್ಯಾಯವೇ, ಅದರ ಬಗ್ಗೆ ನನಗೆ ತಕರಾರಿಲ್ಲ. 1976ರ ಡಿಸೆಂಬರಿನಲ್ಲಿ ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿಯೇ ಕಾನೂನಿನಿಂದ ರದ್ದಾಯಿತು. ಅದಾಗಿ ಎರಡು ವರ್ಷಕ್ಕೆ ನಮ್ಮ ಮನೆ ಪಾಲಾಯಿತು. ಕಂಚಿನ ಚೆಂಬು, ತಾಮ್ರದ ಹಂಡೆ, ಭತ್ತದ ಕಣಜ ಎಂದು ಪಟ್ಟಿ ಮಾಡಿದವರು ಅಟ್ಟದ ಮೂಲೆಯಲ್ಲಿದ್ದ ಒಂದು ಬೀಟೆಮರದ ಪೆಟ್ಟಿಗೆಯನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. "ಅದು ಕೋಳಿಪುಕ್ಕದ ಪೆಟ್ಟಿಗೆ, ಬೇಕಾದವರು ತೆಗೆದುಕೊಳ್ಳಿ" ಎಂದರು. ನಾನು ತೆಗೆದುಕೊಂಡೆ.

ಪೆಟ್ಟಿಗೆ ನನ್ನ ಸೋದರಮಾವನದು. ತುಳುವಿನಲ್ಲಿ ನಾವು 'ತಮ್ಮಲೆ' ಎನ್ನುತ್ತಿದ್ದೆವು. ಇಲ್ಲಿ ಮಾವ ಎಂದೇ ಬರೆಯುತ್ತೇನೆ. ಮಾವ 1947ರಲ್ಲಿ ನೀಲಗಿರಿಗೆ ಹೋಗಿ ಊಟಿಯ ಆಚೆಯ ಒಂದು ಚಹಾ ತೋಟದಲ್ಲಿ ರೈಟರ್ ಆದವರು. ಸಂಬಳದ ಪಟ್ಟಿ ಬರೆಯುವುದು ಅವರ ಕೆಲಸ. ತೋಟದ ದೊರೆಗೆ ಟ್ರೌಟ್ ಮೀನು ಹಿಡಿಯುವ ಹುಚ್ಚು. ಟ್ರೌಟ್ ನಮ್ಮ ದೇಶದ ಮೀನಲ್ಲ, ತಣ್ಣೀರಿನದು. 20ನೆಯ ಶತಮಾನದ ಮೊದಲ ದಶಕದಲ್ಲಿ ಮದ್ರಾಸ್ ಸರಕಾರದ ಮೀನು ತಜ್ಞ ಎಚ್. ಸಿ. ವಿಲ್ಸನ್ ಎಂಬವರು ಅವಲಾಂಚಿಯಲ್ಲಿ ಮರಿ ಮಾಡಿಸುವ ಕೇಂದ್ರ ಸ್ಥಾಪಿಸಿ ಅದನ್ನು ನೀಲಗಿರಿಯ ಹೊಳೆಗಳಲ್ಲಿ ನೆಲೆಗೊಳಿಸಿದರು. ಅದಕ್ಕೆ ಮೊದಲು 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ಮಾಡಿದ ಪ್ರಯತ್ನ ಕೈಗೂಡಿರಲಿಲ್ಲ. ದೊರೆಯ ಕಣ್ಣು ಮಂಜಾಗತೊಡಗಿದಾಗ ಅಂದವಾಗಿ ಅಕ್ಷರ ಬರೆಯುವ ರೈಟರನ್ನು ಕರೆದು ಎದುರು ಕೂರಿಸಿ ಫ್ಲೈ ಕಟ್ಟಲಿಕ್ಕೆ ಕಲಿಸಿದರಂತೆ. ಅಂದಿನಿಂದ 1966ರಲ್ಲಿ ಊರಿಗೆ ಮರಳುವ ತನಕ ಮಾವ ಕಟ್ಟಿದ ಫ್ಲೈಗಳು ಎಷ್ಟು ಸಾವಿರವೋ. ಅವುಗಳಿಂದ ಹಿಡಿದ ಮೀನುಗಳ ಲೆಕ್ಕ ದೊರೆಯ ಪುಸ್ತಕದಲ್ಲಿತ್ತು. ಕಟ್ಟಿದವನ ಹೆಸರು ಎಲ್ಲಿಯೂ ಇರಲಿಲ್ಲ.

ಫ್ಲೈ ಎಂದರೇನೆಂದು ಹೇಳಬೇಕು. ಟ್ರೌಟ್ ತಿನ್ನುವುದು ನೀರಿನ ಮೇಲೂ ಒಳಗೂ ಸುಳಿಯುವ ಸಣ್ಣ ಹುಳುಹುಪ್ಪಟೆ. ಅವು ಎಷ್ಟು ಮೆತ್ತಗೆಂದರೆ ಗಾಳಕ್ಕೆ ಚುಚ್ಚಿದರೆ ಹರಿದುಹೋಗುತ್ತವೆ. ಆದ್ದರಿಂದ ಗಾಳದ ಕಡ್ಡಿಗೆ ರೇಷ್ಮೆ ನೂಲು, ಗರಿ, ರೋಮ, ಜರಿತಂತಿ ಸುತ್ತಿ ಹುಳದ ಹೋಲಿಕೆ ಮಾಡುತ್ತಾರೆ. ನಮ್ಮ ಅಜ್ಜಿಗೆ ಈ ಕೆಲಸ ಹಿಡಿಸಲಿಲ್ಲ. ಅವರು ಮೀನು ತಿನ್ನದವರೇನೂ ಅಲ್ಲ. "ಹೊಟ್ಟೆಗೆ ಬೇಕೆಂದು ಎರೆಹುಳ ಹಾಕಿ ಹಿಡಿದರೆ ಸರಿ. ಅದಕ್ಕೆ ಕೊನೆಗೆ ಒಂದು ತುತ್ತಾದರೂ ಸಿಕ್ಕಿತು. ಬಣ್ಣದ ಪುಕ್ಕ ತೋರಿಸಿ ಮೋಸ ಮಾಡುವುದು ಎಂಥ ಮರ್ಯಾದೆ?" ಎಂದು ಕೇಳುತ್ತಿದ್ದರು. ಮಾವ ನಗುತ್ತಿದ್ದರು. ಈ ಪ್ರಶ್ನೆಗೆ ನನಗೂ ಇವತ್ತಿನವರೆಗೆ ಉತ್ತರ ಸಿಕ್ಕಿಲ್ಲ.

ಊರಿಗೆ ಬಂದ ಮೇಲೆ ಮಾವನಿಗೆ ಟ್ರೌಟ್ ಇರಲಿಲ್ಲ, ದೊರೆಯೂ ಇರಲಿಲ್ಲ. ಆದರೂ ಮಳೆಗಾಲದ ಮಧ್ಯಾಹ್ನಗಳಲ್ಲಿ ಜಗಲಿಯ ಮೇಲೆ ಮಣೆ ಹಾಕಿ, ಮಣೆಯ ಅಂಚಿಗೆ ಹಿತ್ತಾಳೆಯ ಸಣ್ಣ ವೈಸ್ ಬಿಗಿದು ಕಟ್ಟುತ್ತ ಕೂರುತ್ತಿದ್ದರು. ನನಗೆ ಆಗ ಹನ್ನೊಂದು ಹನ್ನೆರಡು. ಮೊದಲ ಆರು ತಿಂಗಳು ನನಗೆ ಸಿಕ್ಕಿದ್ದು ನೂಲಿಗೆ ಮೇಣ ಹಚ್ಚುವ ಕೆಲಸ ಮಾತ್ರ. ಜೇನುಮೇಣವನ್ನು ರಾಳದೊಂದಿಗೆ ಕರಗಿಸಿ, ತಣ್ಣೀರಿಗೆ ಸುರಿದು, ಕೈಯಲ್ಲಿ ನಾದಿ ಗುಳಿಗೆ ಮಾಡಬೇಕು. ರಾಳ ಹೆಚ್ಚಾದರೆ ಪುಡಿಯಾಗುತ್ತದೆ, ಕಡಿಮೆಯಾದರೆ ಜಾರುತ್ತದೆ. ಹಳದಿ ರೇಷ್ಮೆಗೆ ಮಾತ್ರ ಮೋಚಿಯ ಕಪ್ಪು ಮೇಣ. ಆ ಮೇಣ ತಾಗಿದೊಡನೆ ಹಳದಿ ಹೋಗಿ ಹಸಿರುಮಿಶ್ರಿತ ಕಂದು ಬರುತ್ತದೆ, ಪಾಚಿ ಹಿಡಿದ ಕಲ್ಲಿನ ಬಣ್ಣ. ಮಾವನಿಗೆ ಅತ್ಯಂತ ಪ್ರಿಯವಾದ 'ಗ್ರೀನ್‌ವೆಲ್ಸ್ ಗ್ಲೋರಿ'ಯ ಗುಟ್ಟು ಅದೇ.

ಈ ಫ್ಲೈಯ ಕಥೆಯನ್ನು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. 1854ರಲ್ಲಿ ಗ್ರೀನ್‌ವೆಲ್ ಎಂಬ ಪಾದ್ರಿ ಸ್ಕಾಟ್‌ಲೆಂಡಿನ ಟ್ವೀಡ್ ಹೊಳೆಯಲ್ಲಿ ಮೀನು ಸಿಗದೆ, ನೀರಿನ ಮೇಲೆ ಹಾರುತ್ತಿದ್ದ ಹುಳವನ್ನು ಹಿಡಿದು ಸ್ಪ್ರೌಸ್ಟನ್ ಎಂಬ ಊರಿನ ಜೇಮ್ಸ್ ರೈಟ್ ಎಂಬ ಕಟ್ಟುಗಾರನಲ್ಲಿಗೆ ಒಯ್ದ. ರೈಟ್ ಅದರ ಹಾಗೆಯೇ ಒಂದು ಕಟ್ಟಿಕೊಟ್ಟ. ಮಾರನೆಯ ದಿನ ಪಾದ್ರಿಗೆ ಬುಟ್ಟಿ ತುಂಬ ಮೀನು. ಫ್ಲೈಗೆ ಪಾದ್ರಿಯ ಹೆಸರೇ ನಿಂತಿತು. "ನೋಡು ಮಗಾ, ಕಟ್ಟಿದವ ರೈಟ್. ಹೆಸರು ಯಾರದ್ದು?" ಎಂದು ಮಾವ ಕೇಳುವಾಗ ಅವರ ಸ್ವರದಲ್ಲಿ ದುಃಖವಿರಲಿಲ್ಲ, ತಾನೂ ರೈಟರ್ ಎಂಬ ಶ್ಲೇಷೆಯ ಸಂತೋಷವಿತ್ತು. ಆಗ ಅದು ನನಗೆ ಹೊಳೆಯಲಿಲ್ಲ.

ಹದಿನಾಲ್ಕನೆಯ ನಂಬರಿನ ಗಾಳ ಬೇಕು. ಗಾಳದ ಲೆಕ್ಕ ತಲೆಕೆಳಗು. ನಂಬರು ಏರಿದಷ್ಟೂ ಗಾತ್ರ ಇಳಿಯುತ್ತದೆ. ಮೇಣ ಹಚ್ಚಿದ ನೂಲನ್ನು ಗಾಳದ ಕಣ್ಣಿನ ಹಿಂದಿನಿಂದ ಬಾಗಿನ ತನಕ ಒತ್ತೊತ್ತಾಗಿ ಸುತ್ತಿ, ಅಲ್ಲಿ ಚಿನ್ನದ ಬಣ್ಣದ ಸಪೂರ ತಂತಿಯನ್ನು ಸಿಕ್ಕಿಸಿ, ನೂಲನ್ನು ಹಿಂದಕ್ಕೆ ತರಬೇಕು. ನೂಲೇ ಹುಳದ ಹೊಟ್ಟೆ. ಅದರ ಮೇಲೆ ತಂತಿಯನ್ನು ಬಿಡಿಬಿಡಿಯಾಗಿ ನಾಲ್ಕೈದು ಸುತ್ತು ತಂದರೆ ಹೊಟ್ಟೆಯ ಪಟ್ಟೆಗಳು. ಬಳಿಕ ರೆಕ್ಕೆ. ಅದಕ್ಕೆ ವಿಲಾಯತಿಯ ಕರಿಹಕ್ಕಿಯ ಗರಿ ಎಂದು ವಿಧಿ. ನಮ್ಮಲ್ಲಿ ಬಾತುಕೋಳಿಯದೇ ಗತಿ. ಕೊನೆಗೆ ಕುತ್ತಿಗೆಯ ಬಳಿ ಹುಂಜದ ಕತ್ತಿನ ಗರಿಯೊಂದನ್ನು ಎರಡು ಸುತ್ತು ಸುತ್ತಿದರೆ ಎಳೆಗಳು ಬಿಚ್ಚಿ ಕಾಲುಗಳಾಗುತ್ತವೆ. "ನೂಲು ಸಡಿಲ ಬಿಡಬೇಡ. ಇನ್ನೊಂದು ಕೂದಲೆಳೆಯಷ್ಟು ಎಳೆದರೆ ಕಡಿಯುತ್ತದೆ ಎಂಬಲ್ಲಿ ಕೈ ನಿಲ್ಲಬೇಕು." ಎಷ್ಟು ಎಳೆದರೆ ಕಡಿಯುತ್ತದೆಂದು ತಿಳಿಯಲಿಕ್ಕೆ ನಾನು ನೂರಾರು ಸಲ ಕಡಿದೆ. ಮಾವ ಒಮ್ಮೆಯೂ ಬೈಯಲಿಲ್ಲ. ಪಿಯರ್‌ಸಾಲ್ಸ್ ಕಂಪೆನಿಯ ರೇಷ್ಮೆಯ ಉಂಡೆಗಳು ಮುಗಿದದ್ದು ನನ್ನಿಂದಲೇ.

ಅವು ಮುಗಿದ ಮೇಲೆಯೇ ನಿಜವಾದ ಹುಡುಕಾಟ ಶುರುವಾದದ್ದು. ನೂಲು ಸೀರೆಯ ಸೆರಗಿನಿಂದ ಬಂತು. ಹೊಟ್ಟೆಯ ತಂತಿಗೆ ಅಮ್ಮನ ಹರಿದ ಧಾರೆ ಸೀರೆಯ ಜರಿ. ಹಳೆಯ ಜರಿಯಲ್ಲಿ ಬೆಳ್ಳಿಯಿದ್ದುದರಿಂದ ನೀರಿನಲ್ಲಿ ಕಪ್ಪಾದರೂ ಉಜ್ಜಿದರೆ ಹೊಳೆಯುತ್ತಿತ್ತು. ಯಕ್ಷಗಾನದ ವೇಷದ ಸಾಮಾನು ಮಾಡುವವರ ಮನೆಯಿಂದ ಬೇಗಡೆಯ ಚೂರುಗಳು. ತೇಲಬೇಕಾದ ಫ್ಲೈಯ ಮೈಗೆ ಬೂರುಗದ ಹತ್ತಿ. ಅದರ ಎಳೆ ಒಳಗೆ ಟೊಳ್ಳು, ಬೇಗ ನೀರು ಕುಡಿಯುವುದಿಲ್ಲ. ತಲೆಗೆ ಹಚ್ಚುವ ವಾರ್ನಿಶಿಗೆ ಬಡಗಿಯ ಅರಗು.

ಗರಿಗೆ ಮಾತ್ರ ನಮ್ಮ ನಾಡಿನಲ್ಲಿ ಯಾವತ್ತೂ ಬರ ಬರಲಿಲ್ಲ. ನೇಮ, ಜಾತ್ರೆಗಳ ಮರುದಿನದ ಕೋಳಿ ಅಂಕ ನಮ್ಮಲ್ಲಿ ಎಲ್ಲರಿಗೂ ಗೊತ್ತು. (ಕಾನೂನಿಗೂ ಗೊತ್ತು, ಆ ಮಾತು ಬೇರೆ.) ಸತ್ತ ಹುಂಜ ಸಾರಾಗುವ ಮೊದಲು ಅದರ ಕತ್ತಿನ ಚರ್ಮವನ್ನು ಕೇಳಿ ತರುವುದು ನನ್ನ ಕೆಲಸ. ಕೊಬ್ಬು ಕೆರೆದು, ಉಪ್ಪು ಹಚ್ಚಿ, ಹಲಗೆಗೆ ಮೊಳೆ ಹೊಡೆದು ನೆರಳಲ್ಲಿ ಒಣಗಿಸಿ ಕರ್ಪೂರದೊಂದಿಗೆ ಕಟ್ಟಿಡಬೇಕು. ವರ್ಷ ದಾಟಿದ ಹುಂಜದ ಗರಿ ಗಡುಸು, ಮಿನುಗು ಹೆಚ್ಚು; ಅದು ನೀರಿನ ಮೇಲೆ ನಿಲ್ಲುವ ಫ್ಲೈಗೆ. ಹೇಂಟೆಯ ಗರಿ ಮೆತ್ತಗೆ, ನೀರಲ್ಲಿ ಉಸಿರಾಡಿದ ಹಾಗೆ ಅಲುಗುತ್ತದೆ; ಅದು ಮುಳುಗುವ ಫ್ಲೈಗೆ.

ಬಣ್ಣದ ಮಾತು ಬಂದಾಗ ಮಾವನೂ ಅಂಕದವರೂ ಒಂದೇ ವಿದ್ಯೆಯವರೆಂದು ನನಗೆ ಗೊತ್ತಾಯಿತು. ಬೊಳ್ಳೆ, ಕೆಮ್ಮೈರೆ, ಕಾವೆ, ನೀಲೆ, ಮಂಜಲೆ, ಕುಪ್ಪುಳೆ ಎಂದು ನಮ್ಮವರು ಹುಂಜವನ್ನು ಬಣ್ಣದಿಂದ ಹೆಸರಿಸಿ, ಯಾವ ದಿನ ಯಾವ ಬಣ್ಣಕ್ಕೆ ಜಯವೆಂದು ಕುಕ್ಕುಟ ಪಂಚಾಂಗ ನೋಡುತ್ತಾರೆ. ಅತ್ತ ವಿಲಾಯತಿಯ ಕಟ್ಟುಗಾರರಲ್ಲಿಯೂ ಹುಂಜದ ಬಣ್ಣಕ್ಕೆ ಬೇರೆ ಬೇರೆ ಹೆಸರುಗಳುಂಟು. ಬಿಳಿಯ ನಡುವೆ ಕಪ್ಪು ಗೆರೆಯಿದ್ದರೆ ಬ್ಯಾಜರ್. ಬಿಳಿ ಕಪ್ಪು ಪಟ್ಟೆಯಾದರೆ ಗ್ರಿಜಲ್. ಕೆಂಪು ಗರಿಗೆ ನಡುವೆಯೂ ತುದಿಯಲ್ಲೂ ಕಪ್ಪಿದ್ದರೆ ಕಾಕಿಬಂಡಿ. ಈ ಕೊನೆಯದು ಇಂಗ್ಲಿಷ್ ಅಲ್ಲ, ವೆಲ್ಶ್. ವೇಲ್ಸಿನಲ್ಲೇ ಇವತ್ತು ಐವರಲ್ಲಿ ಒಬ್ಬರಿಗಿಂತ ಕಡಿಮೆ ಮಂದಿ ಆ ಭಾಷೆ ಬಲ್ಲವರೆಂದು 2021ರ ಜನಗಣತಿ ಹೇಳುತ್ತದೆ. ಆದರೆ ಗ್ರೀನ್‌ವೆಲ್ ಕಟ್ಟುವವನು ಯಾವ ದೇಶದವನಾದರೂ ಆ ಗರಿಯನ್ನು ವೆಲ್ಶ್ ಹೆಸರಿನಿಂದಲೇ ಕೇಳುತ್ತಾನೆ. ಕೋಳಿಯ ಗರಿಯ ಈ ನಂಟು ಬಹಳ ಹಳೆಯದು. ಸುಮಾರು 1800 ವರ್ಷಗಳ ಹಿಂದೆ ಈಲಿಯನ್ ಎಂಬ ರೋಮನ್ ಲೇಖಕನು ಮ್ಯಾಸಿಡೋನಿಯದವರು ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ ಹುಂಜದ ಎರಡು ಗರಿ ಸೇರಿಸುತ್ತಿದ್ದುದನ್ನು ಬರೆದಿದ್ದಾನೆ.

ನಮ್ಮ ಜಿಲ್ಲೆಗೂ ಈ ವಿದ್ಯೆಗೂ ಇನ್ನೊಂದು ನಂಟುಂಟು. ಭಾರತದ ಗಾಳದ ಬೇಟೆಯ ಬಗ್ಗೆ ಇಂಗ್ಲಿಷಿನಲ್ಲಿ ಹೆಸರಾದ 'ದ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾದದ್ದು ಲಂಡನ್ನಿನಲ್ಲಲ್ಲ, ಮಂಗಳೂರಿನಲ್ಲಿ. ಬರೆದವರು ಹೆನ್ರಿ ಸಲಿವನ್ ಥಾಮಸ್, ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದವರು. ಕಾಸರಗೋಡು ಆಗ ಅದೇ ಜಿಲ್ಲೆಯೊಳಗಿನ ತಾಲೂಕು. ನಮ್ಮವರು ಪೆರುವೊಳ್ ಎನ್ನುವ, ದೇವಸ್ಥಾನದ ಕಯಗಳಲ್ಲಿ ಅಕ್ಕಿ ಹಾಕಿ ಕೈಮುಗಿಯುವ ಮೀನೇ ಅವರ ಪುಸ್ತಕದ ನಾಯಕ.

ಪೆಟ್ಟಿಗೆಯ ತಳದಲ್ಲಿ ದಪ್ಪ ಕಾಗದದಲ್ಲಿ ಸುತ್ತಿದ ಒಂದು ಕತ್ತಿನ ಚರ್ಮವಿತ್ತು. ಅದು ಕಾಡುಕೋಳಿಯದು, ದೊರೆ ಕೊಟ್ಟದ್ದು. ನಮ್ಮ ಘಟ್ಟದ ಬೂದು ಕಾಡುಕೋಳಿಯ ಕತ್ತಿನ ಗರಿಯ ತುದಿಯಲ್ಲಿ ಮೇಣ ಹನಿಸಿದ ಹಾಗೆ ಹೊಳೆಯುವ ಚುಕ್ಕೆಯಿರುತ್ತದೆ. ಸಾಲ್ಮನ್ ಮೀನಿನ ಫ್ಲೈಗಳಿಗೆ ಅದನ್ನು ಕಣ್ಣಾಗಿ ಇಡುತ್ತಿದ್ದರು. ಅದಕ್ಕಾಗಿ ನಮ್ಮ ಕಾಡಿನ ಹಕ್ಕಿಗಳ ಚರ್ಮ ಎಷ್ಟೋ ಕಾಲ ಹಡಗೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮಾವ ಅದನ್ನು ಮುಟ್ಟಲಿಲ್ಲ, ಬಿಸಾಡಲೂ ಇಲ್ಲ. ನಾನೂ ಹಾಗೆಯೇ ಇಟ್ಟೆ. ಒಂದು ಮಳೆಗಾಲ ಕರ್ಪೂರ ಹಾಕಲು ಮರೆತೆ. ಹುಳ ತಿಂದು ಪುಡಿ ಮಾಡಿತು. ಈಗ ಕಣ್ಣು ಬೇಕಾದರೆ ಕೋಳಿಗರಿಯ ಮೇಲೆ ಸೂಜಿಮೊನೆಯಿಂದ ಬಿಳಿ ಉಗುರುಬಣ್ಣದ ಚುಕ್ಕೆ ಇಡುತ್ತೇನೆ. ಮೀನಿಗೆ ವ್ಯತ್ಯಾಸ ಗೊತ್ತಾದಂತೆ ಕಾಣುವುದಿಲ್ಲ.

ಇಷ್ಟೆಲ್ಲ ಬರೆದದ್ದು ಒಂದು ವಿಷಯವನ್ನು ಹೇಳಲಿಕ್ಕೆ. ಇಷ್ಟು ವರ್ಷ ಹೇಳಿರಲಿಲ್ಲ.

ಫ್ಲೈ ಕಟ್ಟುವುದರಲ್ಲಿ ನಿಜವಾದ ಕಷ್ಟ ಕೊನೆಯಲ್ಲಿದೆ. ಎಲ್ಲ ಸುತ್ತಿ ಆದ ಮೇಲೆ ತಲೆಯ ಹತ್ತಿರ ನೂಲು ನಿಲ್ಲಬೇಕು. ಸಾಮಾನ್ಯ ಗಂಟು ಹಾಕಿದರೆ ಉಬ್ಬುತ್ತದೆ, ಸ್ವಲ್ಪ ಹೊತ್ತಿಗೆ ಬಿಚ್ಚುತ್ತದೆ. ವಿಪ್ ಫಿನಿಶ್ ಎಂಬುದೊಂದು ಕ್ರಮವುಂಟು. ನೂಲಿನ ತುದಿಯನ್ನು ತಲೆಯ ಉದ್ದಕ್ಕೆ ಮಲಗಿಸಿ, ಅದೇ ನೂಲಿನ ಕುಣಿಕೆಯಿಂದ ಅದರ ಮೇಲೆಯೇ ನಾಲ್ಕೈದು ಸುತ್ತು ಸುತ್ತಿ, ತುದಿಯನ್ನು ಎಳೆದರೆ ಕುಣಿಕೆ ಒಳಗೆ ನುಂಗಿಹೋಗುತ್ತದೆ. ಗಂಟು ಕಾಣುವುದಿಲ್ಲ, ಬಿಚ್ಚುವುದೂ ಇಲ್ಲ. ಮಾವ ನನಗೆ ಅದನ್ನು ಎರಡನೆಯ ವರ್ಷ ಕಲಿಸಿದರು.

1983ರಲ್ಲಿ ನಾನು ಕನ್ನಡ, ಮಲಯಾಳ ಎರಡೂ ವಿಭಾಗಗಳಿದ್ದ ಒಂದು ಶಾಲೆಯಲ್ಲಿ ಕನ್ನಡ ಮಾಸ್ತರನಾಗಿದ್ದೆ. ಕಡಪ್ಪುರದ ಮೀನುಗಾರರೊಬ್ಬರು ಮಗನ ವಿಷಯಕ್ಕೆ ಬಂದವರು ನನ್ನ ಕನ್ನಡಕದ ಡಬ್ಬಿಯ ಮುಚ್ಚಳಕ್ಕೆ ಚುಚ್ಚಿದ್ದ ಫ್ಲೈಯನ್ನು ನೋಡಿ ನಿಂತರು. "ಮಾಷೇ, ಇದು ತೂವಲಲ್ಲವೇ?" ಅವರದು ಮಲಯಾಳ, ನನ್ನದು ತುಳು ಬೆರೆತ ಮಲಯಾಳ. ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಏಟ್ಟ ಎನ್ನುತ್ತಿದ್ದೆ. ಬಂಗುಡೆ ಹಿಂಡಾಗಿ ಬರುವಾಗ ಅವರು ಒಂದೇ ಹಗ್ಗಕ್ಕೆ ಹತ್ತು ಹನ್ನೆರಡು ಗಾಳ ಕಟ್ಟಿ, ಒಂದೊಂದಕ್ಕೂ ಸಿಮೆಂಟ್ ಚೀಲದ ಬಿಳಿ ಎಳೆ ಸಿಕ್ಕಿಸಿ ತೋಣಿಯಿಂದ ಇಳಿಸುತ್ತಿದ್ದರು. ನಾನು ಅವರಿಗೆ ಬೊಳ್ಳೆಯ ಗರಿ ಕೊಟ್ಟೆ, ಬೇಗಡೆ ಸುತ್ತುವುದನ್ನು ಹೇಳಿಕೊಟ್ಟೆ. ಗರಿಯ ಗಾಳಕ್ಕೆ ಮೀನು ಚೆನ್ನಾಗಿ ಬಿತ್ತು. ಬುಟ್ಟಿಯಲ್ಲಿ ನನಗೂ ಒಂದು ಪಾಲು ಬರತೊಡಗಿತು. ನೆರೆಯ ತೋಣಿಯವರೂ ಅವರಲ್ಲಿ ಕಟ್ಟಿಸಿಕೊಂಡು ದುಡ್ಡು ಕೊಡಲು ಶುರುಮಾಡಿದರು.

ಒಂದು ಸಂಜೆ ಅವರು ಕೇಳಿದರು: "ಮಾಷೇ, ನನ್ನದು ತಲೆಯಲ್ಲಿ ಬಿಚ್ಚಿಹೋಗುತ್ತದೆ. ನಿಮ್ಮದು ಬಿಚ್ಚುವುದಿಲ್ಲ. ಅದು ಹೇಗೆ?"

ನಾನು ಹೇಳಲಿಲ್ಲ. ಎರಡು ಗಂಟು ಹಾಕಿ ಮೇಲೆ ವಾರ್ನಿಶ್ ಬಳಿಯಿರಿ ಎಂದೆ.

ಯಾಕೆಂದು ಬಹಳ ಯೋಚಿಸಿದ್ದೇನೆ. ದುಡ್ಡಿನ ಅಸೂಯೆ ಸ್ವಲ್ಪ ಇತ್ತು, ಸುಳ್ಳು ಹೇಳುವುದಿಲ್ಲ. ಅದಕ್ಕಿಂತ ಹೆಚ್ಚಿನದು ಇನ್ನೊಂದು. ಆ ದಿನಗಳಲ್ಲಿ ಒಂದು ಕಚೇರಿಯಿಂದ ನಮ್ಮ ಮನೆಯ ಹಿಸ್ಸೆಯ ಕಾಗದಗಳು ಮಲಯಾಳದಲ್ಲಿ ಮಾತ್ರ ಬರುತ್ತಿದ್ದವು. ಕನ್ನಡದಲ್ಲಿ ಬರೆದ ನನ್ನ ಅರ್ಜಿಗೆ ಉತ್ತರವಿಲ್ಲ. ಅಮ್ಮ ಆ ಕಾಗದಗಳನ್ನು ತಲೆಕೆಳಗಾಗಿ ಹಿಡಿದು ನೋಡುತ್ತಿದ್ದರು. ಎಲ್ಲವೂ ಕೈತಪ್ಪಿ ಹೋಗುತ್ತಿದೆ, ಈ ಪೆಟ್ಟಿಗೆಯೊಂದಾದರೂ ನಮ್ಮದಾಗಿ ಉಳಿಯಲಿ ಎಂದು ಅನಿಸಿತ್ತು. ಆ ಕಚೇರಿಯ ಮೇಲಿನ ಸಿಟ್ಟನ್ನು ನಾನು ತೀರಿಸಿದ್ದು ಆ ಕಾಗದಗಳಿಗೂ ತನಗೂ ಯಾವ ಸಂಬಂಧವೂ ಇಲ್ಲದ, ನನ್ನಲ್ಲಿ ಕಲಿಯಲು ಬಂದ ಒಬ್ಬ ಮನುಷ್ಯನ ಮೇಲೆ. ಕಲಿಸುವುದೇ ನನ್ನ ಸಂಬಳದ ಕೆಲಸವಾಗಿತ್ತು ಎಂಬುದನ್ನೂ ಸೇರಿಸಿಕೊಳ್ಳಬೇಕು.

ಮೂರು ವಾರ ಕಳೆದು ಅವರು ಬಂದರು. ವಾರ್ನಿಶ್ ಉಪ್ಪುನೀರಿಗೆ ಬಿರುಕು ಬಿಟ್ಟಿತಂತೆ. ಒಂದು ಬೆಳಿಗ್ಗೆ ತೋಣಿಯ ಅಡಿಯಲ್ಲೇ ಬಂಗುಡೆಯ ದೊಡ್ಡ ಹಿಂಡು. ಹಗ್ಗ ಎಳೆದರೆ ಹನ್ನೆರಡರಲ್ಲಿ ಎಂಟು ಗಾಳ ಬೋಳು, ಗರಿಗಳು ನೀರಿನ ಮೇಲೆ ತೇಲುತ್ತಿದ್ದವಂತೆ. ದುಡ್ಡು ಕೊಟ್ಟು ಕಟ್ಟಿಸಿಕೊಂಡ ಪಕ್ಕದ ತೋಣಿಯವರದೂ ಅದೇ ಕಥೆ. ದುಡ್ಡು ಹಿಂದಿರುಗಿಸಿದೆ ಎಂದರು. "ಕೋಳಿ ಸತ್ತ ಮೇಲೂ ಈಜಿತು ಮಾಷೇ" ಎಂದು ನಕ್ಕರು. ನಾನೂ ನಕ್ಕೆ. ಆಗಲಾದರೂ ಹೇಳಬಹುದಿತ್ತು. ಈಗ ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದಲ್ಲ ಎಂದು ಬಾಯಿ ಬರಲಿಲ್ಲ. ಅವರು ಹೋದ ಮೇಲೆ ಬುಟ್ಟಿಯಲ್ಲಿದ್ದ ನಾಲ್ಕು ಬಂಗುಡೆ ನೋಡಿದೆ. ಆ ದಿನವೂ ನನ್ನ ಪಾಲು ತಂದಿದ್ದರು.

ಮಾರನೆಯ ವರ್ಷ, ಕಾಸರಗೋಡು ಜಿಲ್ಲೆಯಾದ 1984ರಲ್ಲಿ, ಮಳೆ ಮುಗಿದ ಮೇಲೆ ಅವರು ಒಂದು ಹಗ್ಗ ತಂದು ನನ್ನ ಮೇಜಿನ ಮೇಲೆ ಹರಡಿದರು. ಹನ್ನೆರಡು ಗಾಳ, ಹನ್ನೆರಡು ತಲೆ, ಒಂದರಲ್ಲೂ ಗಂಟಿಲ್ಲ. ನಾನು ಉಗುರಿನಿಂದ ಕೆರೆದು ನೋಡಿದೆ. ಜಗ್ಗಲಿಲ್ಲ.

"ಇದು ಹೇಗೆ ಏಟ್ಟಾ?"

"ಹೊಸತೇನಿಲ್ಲ. ಚೂಂಡ ಕಟ್ಟುವ ಕೆಟ್ಟೇ."

ಅವರ ಗಾಳಗಳಿಗೆ ಕಣ್ಣಿರುವುದಿಲ್ಲ, ತುದಿ ಚಪ್ಪಟೆ. ಅಂಥ ಗಾಳಕ್ಕೆ ಹಗ್ಗ ಕಟ್ಟುವಾಗ ಹಗ್ಗದ ತುದಿಯನ್ನು ಕಡ್ಡಿಯ ಮೇಲೆ ಮಲಗಿಸಿ, ಅದರ ಮೇಲೆಯೇ ಸುತ್ತಿ, ಎಳೆಯುತ್ತಾರೆ. ಹುಡುಗನಾಗಿದ್ದಾಗಿನಿಂದ ಅವರು ದಿನಾ ಕಟ್ಟಿದ್ದು ಅದನ್ನೇ. ನಾನು ಬಚ್ಚಿಟ್ಟ ಗುಟ್ಟು ಅವರ ಬೆರಳಲ್ಲಿ ನನಗಿಂತ ಮೊದಲೇ ಇತ್ತು. ಅದನ್ನು ಹಗ್ಗದಿಂದ ನೂಲಿಗೆ ದಾಟಿಸುವುದಷ್ಟೇ ಬಾಕಿಯಿತ್ತು. ದಾಟಿಸಿಕೊಂಡರು.

ಆಮೇಲೆ ಅವರು ಕೇಳದೆಯೇ ನನಗೆ ಕಲಿಸಿದರು. ವೈಸ್ ಇಲ್ಲ, ಚಿಮಟವಿಲ್ಲ. ಗಾಳವನ್ನು ಎಡಗೈಯ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ನೂಲಿನ ಇನ್ನೊಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿ ಹಿಡಿಯುವುದು. ಅಲುಗುವ ತೋಣಿಯಲ್ಲಿ ಹಾಗಲ್ಲದೆ ಬೇರೆ ದಾರಿಯಿಲ್ಲ. ಎಳೆಯುವ ಮೊದಲು ಸುತ್ತುಗಳನ್ನು ಬಾಯಲ್ಲಿಟ್ಟು ಒದ್ದೆ ಮಾಡಬೇಕು. ಒಣ ನೈಲಾನ್ ಎಳೆದರೆ ಉಜ್ಜಿ ಬಿಸಿಯಾಗಿ ಸೋಲುತ್ತದೆ. ಇದು ಮಾವನಿಗೆ ಗೊತ್ತಿರಲಿಲ್ಲ. ರೇಷ್ಮೆಯ ಕಾಲದವರಿಗೆ ಅದರ ಅಗತ್ಯವೂ ಇರಲಿಲ್ಲ.

ಅವರಿಗೆ ನಾನು ಕೊನೆಯ ತನಕ ಹೇಳಲಿಲ್ಲ. ಅವರು ತೀರಿ ಈಗ ಹದಿನೇಳು ವರ್ಷ. ಅವರಿಗೆ ಗೊತ್ತಿತ್ತೇ ಎಂದು ಕೆಲವೊಮ್ಮೆ ಅನುಮಾನವಾಗುತ್ತದೆ. ಮೇಜಿನ ಮೇಲೆ ಹಗ್ಗ ಹರಡಿದ ದಿನ ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದ್ದರು.

ಮಗ ಈಗ ಯಂತ್ರದ ದೋಣಿಯಲ್ಲಿ ಹೋಗುತ್ತಾನೆ; ಆದರೂ ಗರಿಯ ಹಗ್ಗವೊಂದು ಅವನಲ್ಲಿರುತ್ತದೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಪ್ಲಾಸ್ಟಿಕ್ಕಿನದಕ್ಕಿಂತ ಕೋಳಿಗರಿಯದೇ ಮೇಲೆಂದು ಅವನ ವಾದ. ಈ ವಾರ್ಷಿಕದ ಮಲಯಾಳ ಪುಟಗಳನ್ನು ಅವನು ಓದುತ್ತಾನೆ, ಕನ್ನಡದ ಪುಟಗಳನ್ನು ಓದಲಾರ. ಈ ಬರಹವನ್ನು ನಾನೇ ಅವನಿಗೆ ಓದಿ ಹೇಳಬೇಕಾಗುತ್ತದೆ.

ಕಳೆದ ತಿಂಗಳು ಬಂದವನು ಸೆಪ್ಟೆಂಬರಿಗೆ ಮೊದಲು ಎರಡು ಹಗ್ಗಕ್ಕಾಗುವಷ್ಟು ಬಿಳಿ ಗರಿ ಬೇಕೆಂದು ಹೇಳಿ ಹೋಗಿದ್ದಾನೆ. ಫಾರ್ಮಿನ ಬಿಳಿ ಕೋಳಿ ಆಗುವುದಿಲ್ಲ. ಆರು ವಾರಕ್ಕೆ ಕೊಲ್ಲುವ ಅದಕ್ಕೆ ಗರಿ ಬಲಿತಿರುವುದಿಲ್ಲ. ವರ್ಷ ದಾಟಿದ ಊರ ಬೊಳ್ಳೆಯೇ ಬೇಕು. ಓದುಗರಲ್ಲಿ ಯಾರ ಮನೆಯಲ್ಲಾದರೂ ಇದ್ದರೆ, ಅದು ಸಾರಾಗುವ ದಿನ ಬಂದಾಗ ಕತ್ತಿನ ಚರ್ಮವನ್ನು ಬಿಸಾಡದೆ ಉಪ್ಪು ಹಚ್ಚಿ ಇಟ್ಟು ತಿಳಿಸಿದರೆ, ನಾನೇ ಬಂದು ಕೊಂಡುಹೋಗುತ್ತೇನೆ.